ಟಿವಿ ಟ್ಯೂನರ್ ಕಾರ್ಡ್: ಒಳಗೆ ಕೂರಿಸುವುದೋ, ಹೊರಗೆ ಸಿಕ್ಕಿಸುವುದೋ? ಬಳಸಿದವರು ತಿಳಿಸಿ

ಪ್ರಶ್ನೆ ಕೇಳಿದವರು:
ಮನೆಯ ಕಂಪ್ಯೂಟರಿನಲ್ಲೇ ಟಿವಿ ನೋಡಬೇಕು, ನಾವು ಇಲ್ಲದ ಹೊತ್ತಿನ ಕಾರ್ಯಕ್ರಮಗಳನ್ನು ರೆಕಾರ್ಡ್ ಮಾಡಿಕೊಳ್ಳಬೇಕು ಎಂಬ ಉದ್ದೇಶದಿಂದ ಟ್ಯೂನರ್ ಕಾರ್ಡ್ ಹುಡುಕುತ್ತಿದ್ದೇನೆ. ತಾರಸಿಯ ಆಂಟೆನಾದಿಂದ ಒಂದೇ ಕೇಬಲ್ ಕೆಳಗಿಳಿಯುತ್ತದೆ, ಪ್ರಸಾರ ಡಿವಿಬಿ-ಟಿ2 (ಆಂಟೆನಾಕ್ಕೆ ಬರುವ ಡಿಜಿಟಲ್ ಟಿವಿಯ ಎರಡನೆಯ ಪೀಳಿಗೆ). ಮದರ್‌ಬೋರ್ಡಿನಲ್ಲಿ ಕಾರ್ಡ್ ಕೂರಿಸುವ ಚಿಕ್ಕ ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟ್ ಒಂದು ಖಾಲಿಯಿದೆ, ವಿಂಡೋಸ್ 10 ಇದೆ. ಒಂದು ಚಾನೆಲ್ ನೋಡುತ್ತಾ ಇನ್ನೊಂದನ್ನು ರೆಕಾರ್ಡ್ ಮಾಡಲು ಎರಡು ಟ್ಯೂನರ್ ಬೇಕೇ ಬೇಕೆ? ಒಳಗಿನ ಕಾರ್ಡ್ ಒಳ್ಳೆಯದೋ, ಯುಎಸ್‌ಬಿ ಸ್ಟಿಕ್ ಒಳ್ಳೆಯದೋ?

ಹಳೆ ಪಿಸಿಐ:
ನಾನು ಮೊದಲು ಕೊಂಡದ್ದು ಬಿಟಿ878 ಚಿಪ್ಪಿನ ಕಾರ್ಡ್. ಅದು ಚಿತ್ರವನ್ನು ಕುಗ್ಗಿಸದೆ ಹಸಿಹಸಿಯಾಗಿ ಕಂಪ್ಯೂಟರಿಗೆ ಸುರಿಯುತ್ತಿತ್ತು. 720×576 ಗಾತ್ರದ ಚಿತ್ರಗಳು ಸೆಕೆಂಡಿಗೆ 25ರಂತೆ ಬಂದರೆ ಗಂಟೆಗೆ ಸುಮಾರು 75 ಗಿಗಾಬೈಟ್ ಆಗುತ್ತದೆ. ನನ್ನಲ್ಲಿ ಆಗ ಇದ್ದದ್ದು 40 ಗಿಗಾಬೈಟಿನ ಡಿಸ್ಕ್. ಪ್ರೊಸೆಸರಿನಿಂದ ಕುಗ್ಗಿಸಲು ಹೋದರೆ ಫ್ರೇಮುಗಳು ಬಿಟ್ಟುಹೋಗುತ್ತಿದ್ದವು. ಧ್ವನಿಯಂತೂ ಬೇರೆಯೇ ಒಂದು ತಂತಿಯಲ್ಲಿ ಸೌಂಡ್ ಕಾರ್ಡಿಗೆ ಹೋಗುತ್ತಿದ್ದುದರಿಂದ, ಅರ್ಧ ಗಂಟೆ ಕಳೆಯುವಷ್ಟರಲ್ಲಿ ತುಟಿ ಒಂದು ಕಡೆ, ಮಾತು ಇನ್ನೊಂದು ಕಡೆ ಆಗುತ್ತಿತ್ತು. ಕಾರ್ಡಿಗೆ ಕೊಟ್ಟದ್ದರ ಎರಡರಷ್ಟನ್ನು ದೊಡ್ಡ ಡಿಸ್ಕಿಗೆ ಸುರಿದೆ, ಆದರೂ ತುಟಿ ಮಾತಿಗೆ ಕೂಡಲಿಲ್ಲ.

ಕೊನೆಗೆ ಎಂಪೆಗ್-2 ಎನ್ಕೋಡರ್, ಅಂದರೆ ಚಿತ್ರವನ್ನು ಕುಗ್ಗಿಸುವ ಚಿಪ್, ಕಾರ್ಡಿನಲ್ಲೇ ಇದ್ದ ಹಾಪಾಗ್ ಪಿವಿಆರ್-150 ತಂದೆ. ಸೆಕೆಂಡಿಗೆ 8 ಮೆಗಾಬಿಟ್‌ಗೆ ಇಟ್ಟರೆ ಗಂಟೆಗೆ 3.6 ಗಿಗಾಬೈಟ್, ಪ್ರೊಸೆಸರಿಗೆ ಕೆಲಸವೇ ಇಲ್ಲ. ಮೊದಲ ದಿನವೇ ಒಂದು ಪಂದ್ಯವನ್ನು ರೆಕಾರ್ಡಿಗೆ ಹಾಕಿ ಹೊರಗೆ ಹೋಗಿದ್ದೆ. ಬಂದು ನೋಡಿದರೆ 71ನೆಯ ನಿಮಿಷಕ್ಕೆ, ಎಸೆದ ಚೆಂಡು ಗಾಳಿಯಲ್ಲಿರುವಾಗಲೇ, ಚಿತ್ರ ನಿಂತಿತ್ತು. ಡಿಸ್ಕ್ ಫ್ಯಾಟ್32 ಎಂಬ ಹಳೆಯ ಫೈಲ್ ವ್ಯವಸ್ಥೆಯಲ್ಲಿತ್ತು, ಅದರಲ್ಲಿ ಒಂದು ಫೈಲ್ 4 ಗಿಗಾಬೈಟ್ ದಾಟುವಂತಿಲ್ಲ. ಇಷ್ಟೆಲ್ಲ ಅನುಭವಿಸಿದ ಮೇಲೆ ನಾನು ಹೇಳುವುದು ಒಂದೇ: ಎನ್ಕೋಡರ್ ಇಲ್ಲದ ಕಾರ್ಡನ್ನು ಕಣ್ಣೆತ್ತಿಯೂ ನೋಡಬೇಡಿ.

ತಾರಸಿ ಏರಿದವನು:
ಹಿರಿಯರು ಹೇಳಿದ್ದು ಅನಲಾಗ್ ಕಾಲದ ಕಥೆ. ಡಿಜಿಟಲ್ ಪ್ರಸಾರ ಗೋಪುರದಿಂದ ಹೊರಡುವಾಗಲೇ ಎಂಪೆಗ್-2, ಎಚ್.264 ಅಥವಾ ಎಚ್‌ಇವಿಸಿ ವಿಧಾನದಲ್ಲಿ ಕುಗ್ಗಿರುತ್ತದೆ; ಕಾರ್ಡ್ ಅದನ್ನು ಗಾಳಿಯಿಂದ ಹಿಡಿದು ಟ್ರಾನ್ಸ್‌ಪೋರ್ಟ್ ಸ್ಟ್ರೀಮ್ (ಚಿತ್ರ, ಧ್ವನಿ ಒಟ್ಟಿಗೆ ಹರಿಯುವ ಡೇಟಾ) ಆಗಿ ಡಿಸ್ಕಿಗೆ ದಾಟಿಸುತ್ತದೆ, ಅಷ್ಟೆ. ಅಲ್ಲಿ ಎನ್ಕೋಡರಿಗೆ ಏನು ಕೆಲಸ?

ನನಗೆ ಪೆಟ್ಟು ಬಿದ್ದದ್ದು ಕಾರ್ಡಿನಿಂದಲ್ಲ, ಕೇಬಲ್ಲಿನಿಂದ. ಯುಎಸ್‌ಬಿ ಸ್ಟಿಕ್ ಕೊಂಡು ಸಿಕ್ಕಿಸಿದೆ; ಹತ್ತು ನಿಮಿಷ ಸರಿಯಾಗಿ ಓಡಿ, ಆಮೇಲೆ ಚಿತ್ರ ಚೌಕಚೌಕವಾಗಿ ಒಡೆಯುತ್ತಿತ್ತು. ಮುಟ್ಟಿದರೆ ಬೆರಳು ಚುರ್ರೆನ್ನುವಷ್ಟು ಬಿಸಿ. ಬಿಸಿಯೇ ಕಾರಣವೆಂದುಕೊಂಡು ಅದನ್ನು ಮಾರಿ ಒಳಗಿನ ಕಾರ್ಡ್ ತಂದೆ. ಅದರಲ್ಲೂ ಅದೇ ಚೌಕ. ಆಮೇಲೆ ತಿಳಿಯಿತು, ಮನೆಯ ಗೋಡೆಯೊಳಗೆ ಒಂದು ಕೇಬಲ್ಲನ್ನು ನಾಲ್ಕಾಗಿ ಸೀಳುವ ಸ್ಪ್ಲಿಟರ್ ಒಂದಿತ್ತು, ಅದೊಂದೇ 7 ಡೆಸಿಬೆಲ್‌ನಷ್ಟು ಸಿಗ್ನಲ್ ತಿನ್ನುತ್ತಿತ್ತು. ಆಂಪ್ಲಿಫೈಯರ್ ತಂದು ಕಂಪ್ಯೂಟರಿನ ಹಿಂದೆ ಕೂರಿಸಿದೆ. ಸಿಗ್ನಲ್ ಜೊತೆಗೆ ಗದ್ದಲವೂ ಹಿಗ್ಗಿತು, ಪ್ರಯೋಜನವಾಗಲಿಲ್ಲ. ಅದನ್ನೇ ತಾರಸಿಗೆ ಒಯ್ದು ಆಂಟೆನಾದ ಬುಡದಲ್ಲಿ ಕಟ್ಟಿದ ದಿನ ಎಲ್ಲ ಚಾನೆಲ್ಲುಗಳೂ ಬಂದವು. ಅನಲಾಗ್ ಆದರೆ ಚಿತ್ರದಲ್ಲಿ ಹಿಮ ಬಿದ್ದು ಮುನ್ಸೂಚನೆ ಕೊಡುತ್ತದೆ. ಡಿಜಿಟಲ್‌ಗೆ ಆ ಸೌಜನ್ಯವಿಲ್ಲ, ಬರುವವರೆಗೆ ಚೆನ್ನಾಗಿ ಬಂದು ಒಮ್ಮೆಗೇ ಬಿದ್ದುಹೋಗುತ್ತದೆ. ಎರಡು ಕಾರ್ಡು, ಒಂದು ಆಂಪ್ಲಿಫೈಯರ್, ಐದು ಭಾನುವಾರಗಳು ನನ್ನ ಲೆಕ್ಕದಲ್ಲಿವೆ.

ಹಳೆ ಪಿಸಿಐ:
ನನ್ನ ಕಥೆ ಹಳೆಯದೆಂದು ತಳ್ಳಿಹಾಕುವವರು ತಮ್ಮ ಮನೆಯ ವಿಎಚ್‌ಎಸ್ ಕ್ಯಾಸೆಟ್‌ಗಳನ್ನು ಯಾವುದರಲ್ಲಿ ಕಂಪ್ಯೂಟರಿಗೆ ಇಳಿಸಿಕೊಳ್ಳುತ್ತಾರೆ ಎಂಬುದನ್ನೂ ಹೇಳಲಿ. ನಿಮ್ಮ ಡಿಜಿಟಲ್ ಕಾರ್ಡಿಗೆ ವಿಸಿಆರ್‌ನ ತಂತಿ ಸಿಕ್ಕಿಸಲು ತೂತೇ ಇರದಿರಬಹುದು.

ಮೀಡಿಯಾ ಸೆಂಟರ್ ಅನಾಥ:
ಇಬ್ಬರೂ ಕಬ್ಬಿಣದ ಮಾತಾಡುತ್ತಿದ್ದೀರಿ. ಕಾರ್ಡನ್ನು ನಡೆಸುವುದು ತಂತ್ರಾಂಶ, ಅದರ ಗತಿ ಏನು? ನಾನು ಟಿವಿ ನೋಡಲು, ರೆಕಾರ್ಡ್ ಮಾಡಲು ವಿಂಡೋಸ್ 7ರಲ್ಲೇ ಇದ್ದ ಮೀಡಿಯಾ ಸೆಂಟರ್ ನಂಬಿ ಎರಡು ಟ್ಯೂನರಿನ ಕಾರ್ಡು, ರಿಮೋಟು, ಸದ್ದು ಮಾಡದ ಫ್ಯಾನು ಎಲ್ಲವನ್ನೂ ಜೋಡಿಸಿದವನು. 2015ರಲ್ಲಿ ವಿಂಡೋಸ್ 10 ಬಂದಾಗ ಯೋಚಿಸದೆ ಹಾಕಿಕೊಂಡೆ. ಅದರಲ್ಲಿ ಮೀಡಿಯಾ ಸೆಂಟರ್ ಇಲ್ಲ ಎಂಬುದನ್ನು ಓದದೇ ಹೋದದ್ದು ನನ್ನದೇ ತಪ್ಪು. ನಾಲ್ಕು ವರ್ಷದ ರೆಕಾರ್ಡಿಂಗ್‌ಗಳು ಮೀಡಿಯಾ ಸೆಂಟರಿನದೇ ಆದ ಡಬ್ಲ್ಯುಟಿವಿ ಫೈಲುಗಳಾಗಿ ಕೂತಿದ್ದವು. ಅವುಗಳಲ್ಲಿ ನಕಲು ನಿರ್ಬಂಧದ ಗುರುತಿದ್ದವು ಇನ್ನೊಂದು ಯಂತ್ರದಲ್ಲಿ ತೆರೆದುಕೊಳ್ಳಲೇ ಇಲ್ಲ. ಮೊದಲಿನ ಇನ್ನೊಂದು ಕಾರ್ಡಿಗೆ 64 ಬಿಟ್ಟಿನ ಡ್ರೈವರ್ ಬರಲೇ ಇಲ್ಲ, ಅದು ಈಗ ಪುಸ್ತಕದ ನಡುವೆ ಗುರುತಿಗೆ ಇದೆ. ಈಗ ಲಿನಕ್ಸಿನಲ್ಲಿ ಟಿವಿಹೆಡ್‌ಎಂಡ್ ಎಂಬ ರೆಕಾರ್ಡಿಂಗ್ ತಂತ್ರಾಂಶ ಓಡಿಸುತ್ತಿದ್ದೇನೆ. ವಿಂಡೋಸ್ ಬಿಡಲಾರೆ ಎನ್ನುವವರು ಅಂಥದ್ದೇ ನೆಕ್ಸ್ಟ್‌ಪಿವಿಆರ್ ನೋಡಬಹುದು. ಕಾರ್ಡಿನ ಹೆಸರಿಗಿಂತ ಒಳಗಿನ ಚಿಪ್ ಯಾವುದೆಂದು ಕೇಳಿ ಕೊಳ್ಳಿ, ಏಕೆಂದರೆ ಪೆಟ್ಟಿಗೆಯ ಮೇಲಿನ ಹೆಸರು ಅದೇ ಇದ್ದು ಒಳಗಿನ ಚಿಪ್ ಬದಲಾಗಿದ್ದನ್ನೂ ನಾನು ಕಂಡಿದ್ದೇನೆ.

ಸ್ಲಾಟ್ ಬೇಡದವರು:
ಎಲ್ಲರೂ ಕಂಪ್ಯೂಟರಿನ ಹೊಟ್ಟೆ ಬಿಚ್ಚಿಯೇ ಮಾತಾಡುತ್ತಿರುವುದು ನನಗೆ ವಿಚಿತ್ರವಾಗಿ ಕಾಣುತ್ತದೆ. ಎಚ್‌ಡಿಹೋಮ್‌ರನ್ ಮಾದರಿಯ ನೆಟ್‌ವರ್ಕ್ ಟ್ಯೂನರನ್ನು (ಚಾನೆಲ್ ಹಿಡಿದು ಮನೆಯ ನೆಟ್‌ವರ್ಕಿಗೆ ಕಳಿಸುವ ಪೆಟ್ಟಿಗೆ) ಆಂಟೆನಾ ಕೇಬಲ್ ಇಳಿಯುವ ಜಾಗದಲ್ಲೇ ಇಟ್ಟು ರೂಟರಿಗೆ ಜೋಡಿಸಿದ್ದೇನೆ. ಮದರ್‌ಬೋರ್ಡ್ ಎರಡು ಬಾರಿ ಬದಲಾಯಿತು, ಟ್ಯೂನರ್ ಅದೇ ಇದೆ.

ತಾರಸಿ ಏರಿದವನು:
ವೈಫೈಯಲ್ಲಿ ನೋಡುತ್ತೀರೋ, ತಂತಿಯಲ್ಲೋ? ಅದನ್ನು ಬರೆಯದೆ ಹೊಗಳುವುದು ಅರ್ಧ ಸತ್ಯ. ನನ್ನ ತಮ್ಮನ ಮನೆಯಲ್ಲಿ ಅಂಥದ್ದೇ ಪೆಟ್ಟಿಗೆ ಇದೆ, ಪಕ್ಕದ ಕೋಣೆಯಲ್ಲಿ ಯಾರಾದರೂ ಫೈಲ್ ಇಳಿಸಿಕೊಂಡರೆ ಸುದ್ದಿ ಓದುವವರ ಬಾಯಿ ತೆರೆದೇ ನಿಲ್ಲುತ್ತದೆ.

ಸ್ಲಾಟ್ ಬೇಡದವರು:
ತಂತಿಯಲ್ಲಿಯೇ. ನಿಮ್ಮ ತಮ್ಮನ ರೂಟರಿಗೆ ನನ್ನ ಟ್ಯೂನರ್ ಹೊಣೆಯಲ್ಲ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಧನ್ಯವಾದಗಳು. ನನ್ನಲ್ಲಿ ವಿಎಚ್‌ಎಸ್ ಕ್ಯಾಸೆಟ್ ಯಾವುದೂ ಇಲ್ಲ. ಎರಡು ಟ್ಯೂನರ್ ಬೇಕೇ ಎಂಬುದಕ್ಕೆ ಉತ್ತರ ಇನ್ನೂ ಸಿಗಲಿಲ್ಲ.

ಮೀಡಿಯಾ ಸೆಂಟರ್ ಅನಾಥ:
ಎರಡೂ ಚಾನೆಲ್ ಒಂದೇ ಮಲ್ಟಿಪ್ಲೆಕ್ಸಿನಲ್ಲಿ, ಅಂದರೆ ಒಂದೇ ತರಂಗಾಂತರದಲ್ಲಿ ಬರುತ್ತಿದ್ದರೆ ಒಂದು ಟ್ಯೂನರ್ ಸಾಕು. ಟಿವಿಹೆಡ್‌ಎಂಡ್ ಆ ಎರಡನ್ನೂ ಬೇರ್ಪಡಿಸಿ ಕೊಡುತ್ತದೆ. ಬೇರೆ ಬೇರೆ ತರಂಗಾಂತರವಾದರೆ ಎರಡು ಬೇಕು. ಡಿವಿಬಿ-ಟಿ ಎಂದಷ್ಟೇ ಬರೆದಿರುವ ಹಳೆಯ ಕಾರ್ಡ್ ಟಿ2 ಹಿಡಿಯುವುದಿಲ್ಲ, ಅಗ್ಗಕ್ಕೆ ಸಿಕ್ಕಿತೆಂದು ತರಬೇಡಿ. ನಾನು ತಂದಿದ್ದೆ. ಅದು ಪುಸ್ತಕದಲ್ಲಿರುವ ಎರಡನೆಯ ಗುರುತು.

ಹಳೆ ಪಿಸಿಐ:
ಕ್ಯಾಸೆಟ್ ಇಲ್ಲದಿದ್ದರೂ ಇಂಟರ್‌ಲೇಸ್ ವಿಷಯ, ಅಂದರೆ ಒಂದೊಂದು ಚಿತ್ರವೂ ಸಾಲು ಬಿಟ್ಟು ಸಾಲಿನ ಎರಡು ಅರ್ಧಗಳಾಗಿ (ಫೀಲ್ಡ್‌ಗಳಾಗಿ) ಬರುವುದು, ಬಿಡುವಂತಿಲ್ಲ. ರೆಕಾರ್ಡ್ ಮಾಡುವಾಗಲೇ ಡಿಇಂಟರ್‌ಲೇಸ್ ಮಾಡಿ, ಅಂದರೆ ಆ ಅರ್ಧಗಳನ್ನು ಪೂರ್ಣ ಚಿತ್ರವಾಗಿಸಿ, ಉಳಿಸಬೇಕೆಂದು ನಾನು ಮೊದಲಿನಿಂದ ಹೇಳುತ್ತಾ ಬಂದಿದ್ದೇನೆ.

ತಾರಸಿ ಏರಿದವನು:
ಎಂದೂ ಹಾಗೆ ಮಾಡಬಾರದು. ಬಂದದ್ದನ್ನು ಬಂದ ಹಾಗೆ ಉಳಿಸಿ, ನೋಡುವಾಗ ಮಾಡಿಕೊಳ್ಳಬೇಕು. ಒಮ್ಮೆ ಕಳೆದ ಫೀಲ್ಡ್ ಮರಳಿ ಬರುವುದಿಲ್ಲ.

ಹಳೆ ಪಿಸಿಐ:
ನನ್ನ 300 ರೆಕಾರ್ಡಿಂಗ್‌ಗಳನ್ನು ನೋಡಿದ ಯಾರೂ ಈವರೆಗೆ ಫೀಲ್ಡ್ ಕಳೆದಿದೆ ಎಂದು ದೂರಿಲ್ಲ.

ತಾರಸಿ ಏರಿದವನು:
ನೋಡಿದವರು ನೀವೊಬ್ಬರೇ ಇರಬೇಕು.