ತಾಯಿ ವಾಹಕ, ತಂದೆಯ ಪರೀಕ್ಷೆಯಾಗಿಲ್ಲ: ಈ ಬಾರ್ಡರ್ ಕೋಲಿ ಮರಿಯನ್ನು ತೆಗೆದುಕೊಳ್ಳಬಹುದೇ?

ಪ್ರಶ್ನೆ: ನಾವು ಇಂಗ್ಲೆಂಡಿನ ಡರ್ಬಿಶೈರ್‌ನಲ್ಲಿದ್ದೇವೆ. ಹತ್ತಿರದ ಕುರಿ ಫಾರ್ಮೊಂದರಲ್ಲಿ ಹುಟ್ಟಿದ ಆರು ಬಾರ್ಡರ್ ಕೋಲಿ (ಕುರಿ ಕಾಯುವ ತಳಿ) ನಾಯಿಮರಿಗಳಲ್ಲಿ ಒಂದಕ್ಕೆ ಮುಂಗಡ ಕೊಟ್ಟಿದ್ದೇವೆ. ಮರಿಗೆ ಈಗ ಐದು ವಾರ. ತಾಯಿಯ ಡಿಎನ್‌ಎ ವರದಿಯಲ್ಲಿ ‘ಕೋಲಿ ಐ ಅನಾಮಲಿ: ಕ್ಯಾರಿಯರ್’ ಎಂದಿದೆ, ಅಂದರೆ ವಂಶದಲ್ಲಿ ಬರುವ ಒಂದು ಕಣ್ಣಿನ ದೋಷದ ವಾಹಕ. ತಂದೆ ಪಕ್ಕದ ಫಾರ್ಮಿನ ನಾಯಿ. ಅವನ ಪರೀಕ್ಷೆ ಮಾಡಿಸಿಲ್ಲ. ‘ದಿನವಿಡೀ ಕುರಿ ಅಟ್ಟುತ್ತಾನೆ, ಅವನ ಕಣ್ಣಿಗೇನಾಗಿದೆ’ ಎನ್ನುತ್ತಾರೆ. ಮಕ್ಕಳು ಆಗಲೇ ಹೆಸರಿಟ್ಟಾಗಿದೆ. ಅನುಭವವಿರುವವರು ದಯವಿಟ್ಟು ತಿಳಿಸಿ.

ಎಡಿನ್‌ಬರೋದಿಂದ: ನಮ್ಮ ಮನೆಯ ರಫ್ ಕೋಲಿ ತಳಿಯ ನಾಯಿಗೆ ಇದೇ ದೋಷವಿದೆ, ಆದ್ದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ. ತಾಯಿಯ ವರದಿ ನೋಡಿ ಗಾಬರಿಪಡಬೇಕಿಲ್ಲ. ಈ ದೋಷ ಕಾಣಿಸಿಕೊಳ್ಳಬೇಕಾದರೆ ಕೆಟ್ಟ ವಂಶವಾಹಿ ತಂದೆಯಿಂದಲೂ ಬರಬೇಕು, ತಾಯಿಯಿಂದಲೂ ಬರಬೇಕು. ಒಂದು ಕಡೆಯಿಂದ ಮಾತ್ರ ಬಂದ ನಾಯಿಯ ಕಣ್ಣಿಗೆ ಇದರಿಂದ ಏನೂ ಆಗುವುದಿಲ್ಲ. ಹಾಗಾಗಿ ಎಲ್ಲವೂ ತಂದೆಯ ಮೇಲೆ ನಿಂತಿದೆ. ಅವನಲ್ಲಿ ಅದು ಇಲ್ಲದಿದ್ದರೆ ಆರರಲ್ಲಿ ಒಂದು ಮರಿಗೂ ದೋಷ ಬರುವುದಿಲ್ಲ, ಕೆಲವು ಮರಿಗಳು ತಾಯಿಯಂತೆ ವಾಹಕಗಳಾಗುತ್ತವೆ, ಅಷ್ಟೆ. ಅವನೂ ವಾಹಕನಾಗಿದ್ದರೆ ಪ್ರತಿ ಮರಿಗೂ ನಾಲ್ಕರಲ್ಲೊಂದು ಪಾಲು ಸಾಧ್ಯತೆಯಿದೆ. ಅವನಿಗೇ ದೋಷವಿದ್ದರೆ ಎರಡರಲ್ಲೊಂದು. ಬಾರ್ಡರ್ ಕೋಲಿಗಳಲ್ಲಿ ದೋಷವಿರುವುದು ನೂರಕ್ಕೆ ಎರಡು ಮೂರು ನಾಯಿಗಳಿಗೆ ಮಾತ್ರ ಎಂಬುದು ಸಮಾಧಾನದ ಸಂಗತಿ. ರಫ್ ಕೋಲಿಗಳಲ್ಲಾದರೆ ಬಹುಪಾಲಿಗೆ ಇದೆ.

ಕುರಿ ಅಟ್ಟುತ್ತಾನೆ ಎಂಬ ಮಾತನ್ನು ಮಾತ್ರ ಪ್ರಮಾಣವೆಂದು ಒಪ್ಪಬೇಡಿ. ನಮ್ಮವಳು ಒಂಬತ್ತನೆಯ ವಯಸ್ಸಿನಲ್ಲೂ ಎಸೆದ ಚೆಂಡನ್ನು ನೆಲಕ್ಕೆ ಬೀಳಗೊಡುವುದಿಲ್ಲ. ಕಣ್ಣಿನೊಳಗೆ ಬೆಳಕನ್ನು ಗ್ರಹಿಸುವ ರೆಟಿನಾದ ಹಿಂದೆ ರಕ್ತನಾಳಗಳು ತುಂಬಿದ ಕೋರಾಯ್ಡ್ ಎಂಬ ಪದರವಿರುತ್ತದೆ. ಈ ದೋಷದಲ್ಲಿ ದೃಷ್ಟಿನರದ ಪಕ್ಕದಲ್ಲಿ, ಮೂಗಿನ ಬದಿಗಲ್ಲ, ಕಿವಿಯ ಬದಿಗೆ, ಆ ಪದರ ಸರಿಯಾಗಿ ಬೆಳೆಯದೆ ತೆಳುವಾಗಿ ಉಳಿಯುತ್ತದೆ. ಅಷ್ಟೇ ಆದರೆ ನಾಯಿಯ ನೋಟಕ್ಕೆ ತೊಂದರೆಯಿಲ್ಲ, ಮುಂದೆ ಹೆಚ್ಚುವುದೂ ಇಲ್ಲ. ಕೆಲವು ಮರಿಗಳಲ್ಲಿ ಮಾತ್ರ ದೃಷ್ಟಿನರದ ಬಳಿ ಕೊಲೊಬೋಮಾ ಎಂಬ ಗುಳಿ ಇರುತ್ತದೆ; ಅಂಥ ಕಣ್ಣಿನಲ್ಲಿ ರೆಟಿನಾ ಕಳಚಿಕೊಂಡು ಅಥವಾ ರಕ್ತ ಒಸರಿ ಕುರುಡಾಗುವ ಅಪಾಯವಿದೆ. ಸೌಮ್ಯ ದೋಷದ ತಂದೆತಾಯಿಗೆ ತೀವ್ರ ದೋಷದ ಮರಿ ಹುಟ್ಟಬಹುದು ಎಂಬುದೇ ಇದರಲ್ಲಿರುವ ಕಷ್ಟ.

ಈಗ ನೀವು ಮಾಡಬೇಕಾದ ಕೆಲಸಕ್ಕೆ ಅವಧಿ ಕಡಿಮೆಯಿದೆ. ಆರರಿಂದ ಎಂಟು ವಾರದೊಳಗೆ ಪಶುನೇತ್ರ ತಜ್ಞರಿಂದ ಮರಿಯ ಕಣ್ಣು ನೋಡಿಸಬೇಕು. ನಮ್ಮ ಮರಿಯನ್ನು ನಾನೇ ಎತ್ತಿ ಹಿಡಿದಿದ್ದೆ: ಎರಡೂ ಕಣ್ಣಿಗೆ ಹನಿ ಬಿಟ್ಟರು, ಇಪ್ಪತ್ತು ನಿಮಿಷದಲ್ಲಿ ಪಾಪೆ ಹಿಗ್ಗಿ ಕಣ್ಣೆಲ್ಲ ಕಪ್ಪಾಯಿತು, ಕೋಣೆಯ ದೀಪ ಆರಿಸಿ, ಹಣೆಗೆ ಕಟ್ಟಿದ ದೀಪದ ಬೆಳಕಿನಲ್ಲಿ ಕೈಮಸೂರವೊಂದನ್ನು ಅಡ್ಡ ಹಿಡಿದು ವೈದ್ಯರು ನೋಡಿದರು. ಅವರು ಬಿಡಿಸಿ ತೋರಿಸಿದ ಚಿತ್ರದಲ್ಲಿ ನರದ ಪಕ್ಕ ಬೆರಳಿನ ಗುರುತಿನಂಥ ಬಿಳಿ ಮಚ್ಚೆಯಿತ್ತು. ಮರಿಗೆ ಮೂರು ತಿಂಗಳಾಗುವ ಹೊತ್ತಿಗೆ ಬೆಳೆಯುವ ವರ್ಣದ್ರವ್ಯ ಇಂಥ ಸಣ್ಣ ಮಚ್ಚೆಯನ್ನು ಮುಚ್ಚಿಬಿಡುವುದುಂಟು. ಆಮೇಲೆ ಎಷ್ಟೇ ನುರಿತವರು ನೋಡಿದರೂ ಕಣ್ಣು ಚೆನ್ನಾಗಿದೆ ಎನ್ನುತ್ತಾರೆ, ಆದರೆ ಆ ನಾಯಿ ಮರಿ ಹಾಕಿದರೆ ಎಲ್ಲ ಮರಿಗಳಿಗೂ ಆ ಕೆಟ್ಟ ವಂಶವಾಹಿಯ ಒಂದು ಪ್ರತಿ ಹೋಗಿಯೇ ಹೋಗುತ್ತದೆ. ಬೆಳೆದ ನಾಯಿಯಾದ ತಂದೆಗೆ ಕಣ್ಣಿನ ಪರೀಕ್ಷೆ ಸಾಲದು, ಡಿಎನ್‌ಎ ಪರೀಕ್ಷೆಯೇ ಬೇಕು ಎನ್ನುವುದು ಇದೇ ಕಾರಣಕ್ಕೆ. ಕೆನ್ನೆಯ ಒಳಗೆ ಬ್ರಷ್ ಉಜ್ಜಿ ಅಂಚೆಯಲ್ಲಿ ಕಳಿಸಿದರೆ ಸಾಕು.

ವೇಲ್ಸ್‌ನಿಂದ: ಮೇಲಿನ ಮಾತುಗಳನ್ನು ಒಪ್ಪುತ್ತೇನೆ, ಒಂದನ್ನು ಸೇರಿಸುತ್ತೇನೆ. ನಮ್ಮ ನೆರೆಯ ಫಾರ್ಮಿನ ಒಂದು ಎಳೆಯ ನಾಯಿಗೆ ‘ಅವೇ’ ಎಂದರೆ ಕುರಿಗಳನ್ನು ಅಪ್ರದಕ್ಷಿಣವಾಗಿ ಬಳಸಿ ಚೆನ್ನಾಗಿ ಓಡುತ್ತಿತ್ತು. ‘ಕಮ್ ಬೈ’ ಎಂದು ಪ್ರದಕ್ಷಿಣವಾಗಿ ಕಳಿಸಿದರೆ ನಾಲ್ಕು ಹೆಜ್ಜೆಗೆ ನಿಂತು ತಲೆ ತಿರುಗಿಸಿ ನೋಡುತ್ತಿತ್ತು. ಹಟಮಾರಿ ಎಂದು ತಿಂಗಳುಗಟ್ಟಲೆ ಬೈಸಿಕೊಂಡಿತು. ಪ್ರದಕ್ಷಿಣವಾಗಿ ಓಡುವಾಗ ಕುರಿಗಳು ನಾಯಿಯ ಬಲಕ್ಕಿರುತ್ತವೆ. ಅದರ ಬಲಗಣ್ಣಿನ ರೆಟಿನಾ ಕಳಚಿಹೋಗಿತ್ತು. ನಿಟ್ಟಿಸಿ ನೋಡಿಯೇ ಕುರಿಯನ್ನು ನಿಲ್ಲಿಸುವ ತಳಿ ಇದು, ಒಂದು ಕಣ್ಣಿನಲ್ಲೇ ಅಷ್ಟು ದಿನ ನಿಭಾಯಿಸಿತೆಂದರೆ ನನಗೆ ಇಂದಿಗೂ ಆಶ್ಚರ್ಯ.

ಡಿಎನ್‌ಎ ವರದಿಯಲ್ಲಿ ‘ಕ್ಲಿಯರ್’ (ಕೆಟ್ಟ ವಂಶವಾಹಿ ಇಲ್ಲ) ಎಂದಿದ್ದರೆ ಎಲ್ಲ ಕಣ್ಣಿನ ರೋಗದಿಂದಲೂ ಪಾರಾದಂತೆ ಅಲ್ಲ. ಆ ವರದಿ ಒಂದು ದೋಷದ ಬಗ್ಗೆ ಮಾತ್ರ ಹೇಳುತ್ತದೆ. ನಡುವಯಸ್ಸಿನಲ್ಲಿ ಬರುವ ಬೇರೊಂದು ರೆಟಿನಾ ರೋಗ ಇಲ್ಲಿನ ದುಡಿಯುವ ನಾಯಿಗಳಲ್ಲಿ ಹಿಂದೆ ಸಾಕಷ್ಟಿತ್ತು. ದೂರದಲ್ಲಿ ಓಡುವ ಕುರಿ ಕಾಣುತ್ತದೆ, ಮುಂದೆಯೇ ನಿಂತ ಕುರಿ ಕಾಣುವುದಿಲ್ಲ. 1906ರಲ್ಲಿ ಸ್ಥಾಪನೆಯಾದ ಅಂತರರಾಷ್ಟ್ರೀಯ ಶೀಪ್ ಡಾಗ್ ಸೊಸೈಟಿಯವರು ಸ್ಪರ್ಧೆಗೆ ಬಂದ ನಾಯಿಗಳ ಕಣ್ಣು ನೋಡಿಸಿ, ವಂಶಾವಳಿಯೊಡನೆ ತಾಳೆ ಹಾಕಿ ಅದನ್ನು ಬಹಳ ಮಟ್ಟಿಗೆ ತಗ್ಗಿಸಿದರು. ಆಗ ಡಿಎನ್‌ಎ ಪರೀಕ್ಷೆ ಎಲ್ಲಿತ್ತು? ಕೋಲಿ ದೋಷದ ಮೂಲವಾದ, ಸುಮಾರು 7,800 ಅಕ್ಷರಗಳಷ್ಟು ಡಿಎನ್‌ಎ ಬಿಟ್ಟುಹೋಗಿರುವ ಜಾಗವನ್ನು ವಿಜ್ಞಾನಿಗಳು ಪ್ರಕಟಿಸಿದ್ದೇ 2007ರಲ್ಲಿ. ತಂದೆಯ ವಂಶಾವಳಿ ಇದ್ದರೆ ಕೇಳಿ ನೋಡಿ. ಎರಡು ಕಡೆಯಲ್ಲೂ ಒಂದೇ ಹೆಸರಾಂತ ಗಂಡುನಾಯಿ ಕಂಡರೆ ಪರೀಕ್ಷೆಯಿಲ್ಲದೆ ಮುಂದುವರಿಯಬೇಡಿ.

ಬೆಂಗಳೂರಿನಿಂದ: ನಾವು ಇಲ್ಲಿ ರಫ್ ಕೋಲಿ ಕೊಂಡಾಗ ವಂಶಾವಳಿ ಪತ್ರವನ್ನೇ ಆರೋಗ್ಯದ ಪತ್ರವೆಂದು ತಿಳಿದು ಮೋಸಹೋದೆವು. ಒಂದು ಉಪಯುಕ್ತ ಮಾತು: ಅದೇ ಕೆನ್ನೆಯ ಮಾದರಿಯಲ್ಲಿ ಎಂಡಿಆರ್1 ಪರೀಕ್ಷೆಯನ್ನೂ ಮಾಡಿಸಿಕೊಳ್ಳಿ, ಕೆಲವು ಔಷಧಗಳು ನಾಯಿಗೆ ಒಗ್ಗುತ್ತವೆಯೇ ಎಂದು ತಿಳಿಸುವ ವಂಶವಾಹಿ ಪರೀಕ್ಷೆ ಅದು. ಉಣ್ಣಿ, ಕಜ್ಜಿಗೆ ಕೊಡುವ ಐವರ್ಮೆಕ್ಟಿನ್ ಕೆಲವು ಕೋಲಿಗಳಿಗೆ ವಿಷವಾಗುತ್ತದೆ. ನಮ್ಮ ನಾಯಿ ಚುಚ್ಚುಮದ್ದಿನ ಮಾರನೆಯ ದಿನ ಪಾಪೆ ಹಿಗ್ಗಿ ಗೋಡೆಗೆ ಹಾಯ್ದುಕೊಂಡಾಗ ನಾವು ವಂಶದ ಕಣ್ಣಿನ ರೋಗವೆಂದೇ ಅತ್ತಿದ್ದೆವು. ಒಂದು ವಾರದಲ್ಲಿ ನೋಟ ಮರಳಿತು.

ಪ್ರಶ್ನೆ ಕೇಳಿದವರಿಂದ: ಎಲ್ಲರಿಗೂ ಧನ್ಯವಾದಗಳು. ಖರ್ಚು ನಾವು ಕೊಡುತ್ತೇವೆಂದ ಮೇಲೆ ತಂದೆ ನಾಯಿಯ ಮಾದರಿ ಕೊಡಲು ಒಪ್ಪಿದ್ದಾರೆ. ವರದಿ ಬರುವವರೆಗೆ ಬಾಕಿ ಹಣ ಕೊಡುವುದಿಲ್ಲ. ಆರೂ ಮರಿಗಳ ಕಣ್ಣಿನ ಪರೀಕ್ಷೆ ಏಳನೆಯ ವಾರದ ಗುರುವಾರಕ್ಕೆ ನಿಗದಿಯಾಗಿದೆ. ಮಂಗಳವಾರವೇ ಮೈಕ್ರೋಚಿಪ್ ಹಾಕಿಸಿ ಎಂದಿದ್ದೇನೆ, ಇಲ್ಲವಾದರೆ ಯಾವ ಕಣ್ಣಿನ ಪತ್ರ ಯಾವ ಮರಿಯದೆಂದು ಆಮೇಲೆ ಹೇಳುವವರು ಯಾರು?