ಕವಿತೆಯ ಬಳಗದಲ್ಲಿ ಚಪ್ಪಾಳೆ ಮಾತ್ರ ಸಾಕೇ?

ಪ್ರಶ್ನೆ (ಗದಗ): ನಮ್ಮ ವಾಟ್ಸಾಪ್ ಬಳಗದಲ್ಲಿ ಯಾರು ಕವಿತೆ ಹಾಕಿದರೂ ಚಪ್ಪಾಳೆಯ ಚಿತ್ರಗಳು ಬೀಳುತ್ತವೆಯೇ ಹೊರತು, ಯಾವ ಸಾಲು ಏಕೆ ಹಿಡಿಸಿತೆಂದು ಒಬ್ಬರೂ ಬರೆಯುವುದಿಲ್ಲ. ಹೊಸಬರ ಉತ್ಸಾಹ ಕುಂದದಂತೆ ಇದನ್ನು ಬದಲಿಸುವುದು ಹೇಗೆ?

ಉತ್ತರ (ಧಾರವಾಡ): 1920ರ ದಶಕದಲ್ಲಿ ಬೇಂದ್ರೆಯವರ ಸುತ್ತ ಇಲ್ಲಿ ಬೆಳೆದ ಗೆಳೆಯರ ಗುಂಪಿನವರು ಕವಿತೆಗಳನ್ನು ಎದುರುಬದುರು ಕುಳಿತು ಓದಿ ಚರ್ಚಿಸುತ್ತಿದ್ದರು. ನೀವೂ ಬರಹದೊಂದಿಗೆ ಕವಿತೆಯನ್ನು ತಾವೇ ಓದಿದ ಧ್ವನಿಮುದ್ರಣವನ್ನು ಕಳುಹಿಸುವಂತೆ ಕವಿಗೆ ಹೇಳಿರಿ. ಲಯ ತಪ್ಪಿದಲ್ಲಿ ನಾಲಿಗೆಯೇ ತಡವರಿಸುವುದರಿಂದ ತಿದ್ದುಪಡಿಯ ಅರ್ಧ ಕೆಲಸ ಕವಿಯಿಂದಲೇ ಆಗಿಬಿಡುತ್ತದೆ.

ಉತ್ತರ (ಹಾವೇರಿ): ವಾರಕ್ಕೆ ಒಂದೇ ಕವಿತೆ ಸಾಕು, ಸರ್. ದಿನಕ್ಕೆ ಹತ್ತು ಬಂದರೆ ಯಾರೂ ಓದುವುದಿಲ್ಲ (ನಾನಂತೂ ಓದುವುದಿಲ್ಲ).

ಉತ್ತರ (ಹುಬ್ಬಳ್ಳಿ): ಬೇಂದ್ರೆಯವರ ಜನ್ಮದಿನವಾದ ಜನವರಿ 31ರಂದು ಪ್ರತಿಯೊಬ್ಬರೂ ತಮ್ಮದನ್ನು ಬಿಟ್ಟು ಬಳಗದ ಇನ್ನೊಬ್ಬರ ಕವಿತೆಯನ್ನು ಓದಿ, ಮೆಚ್ಚಿದ ಸಾಲಿಗೆ ಕಾರಣ ಹೇಳಲಿ, ದೋಷಗಳನ್ನು ಕವಿ ಕೇಳಿದಾಗ ಮಾತ್ರ, ಅದೂ ಖಾಸಗಿಯಾಗಿ ತಿಳಿಸಿರಿ.