ಡಾಕ್ಟರ್‌ಗೆ ಕೇಳಿ: ಮಾನಸಿಕ ಕಾಯಿಲೆ ಮತ್ತು ಎಚ್‌ಐವಿ

ಅಡ್ಮಿನ್: ಇವತ್ತು ಬಳ್ಳಾರಿಯ ಮನೋವೈದ್ಯರು ಗುಂಪಿನಲ್ಲಿದ್ದಾರೆ. ಹೆಸರು ಬೇಡ, ಊರು ಸಾಕು.

ಕಂಪ್ಲಿ: ಮಾನಸಿಕ ಕಾಯಿಲೆ ಇದ್ದವರಿಗೆ ಎಚ್‌ಐವಿ ಬೇಗ ಬರುತ್ತಾ ಸರ್?

ಡಾಕ್ಟರ್: ಕಾಯಿಲೆಯಿಂದಲೇ ಬರುವುದಿಲ್ಲ. ಆದರೆ ಕಾಯಿಲೆ ಜೋರಾದಾಗ ಎಚ್ಚರ ತಪ್ಪುತ್ತದೆ. ಕೆಲವರನ್ನು ಬೇರೆಯವರು ಬಳಸಿಕೊಳ್ಳುತ್ತಾರೆ, ಹೆಣ್ಣುಮಕ್ಕಳನ್ನು ಜಾಸ್ತಿ. 'ಇವರಿಗೆಲ್ಲಿ ಅದೆಲ್ಲ' ಅಂತ ಕಾಂಡೋಮ್ ಬಗ್ಗೆ ಯಾರೂ ಹೇಳಿರುವುದಿಲ್ಲ.

ಸಂಡೂರು: ಅಣ್ಣನಿಗೆ ಬೈಪೋಲಾರ್, ಮನಸ್ಸು ಒಮ್ಮೆ ವಿಪರೀತ ಏರಿ ಒಮ್ಮೆ ಕುಗ್ಗುವ ಕಾಯಿಲೆ. ಮೂಡ್ ಹಿಡಿತದಲ್ಲಿಡಲು ಕಾರ್ಬಮಜಪೀನ್ ಮಾತ್ರೆ ನಡೆದಿದೆ. ಹೋದ ವಾರ ನಿದ್ದೆ ಬಿಟ್ಟು, ದುಡ್ಡು ತಗೊಂಡು ಹೋದವನು ಎರಡು ದಿನ ಬಿಟ್ಟು ಬಂದ. ಲಾಡ್ಜ್‌ನಲ್ಲಿ ಹೆಂಗಸರ ಜೊತೆ ಇದ್ದೆ ಅಂತ ಅವನೇ ಹೇಳಿದ. ಅತ್ತಿಗೆಗೆ ಗೊತ್ತಿಲ್ಲ. ಶುಗರ್ ಟೆಸ್ಟ್ ಅಂತ ಹೇಳಿ ಎಚ್‌ಐವಿ ಟೆಸ್ಟ್ ಮಾಡಿಸಬಹುದಾ?

ಡಾಕ್ಟರ್: ಬೇಡಮ್ಮ. 2017ರ ಎಚ್‌ಐವಿ ಕಾಯ್ದೆ ಪ್ರಕಾರ ಅವರ ಒಪ್ಪಿಗೆ ಬೇಕು. ಬೈಪೋಲಾರ್ ಇದೆ ಅಂದ ಮಾತ್ರಕ್ಕೆ ಅವರ ಮಾತಿಗೆ ಬೆಲೆಯಿಲ್ಲ ಅಂತಲ್ಲ. ಮೊದಲು ಅವರ ಮನೋವೈದ್ಯರಿಗೆ ತೋರಿಸಿ. ನಿದ್ದೆ ಹತ್ತಿ, ಮಾತು ಹಿಡಿತಕ್ಕೆ ಬಂದ ಮೇಲೆ ನೇರವಾಗಿ ಕೇಳಿ. ತಾವಾಗಿ ಬಾಯಿಬಿಟ್ಟವರು ಒಪ್ಪುವುದೂ ಉಂಟು.

72 ಗಂಟೆಯೊಳಗೆ ಬಂದಿದ್ದರೆ ಎಚ್‌ಐವಿ ತಡೆ ಮಾತ್ರೆ ಶುರು ಮಾಡಬಹುದಿತ್ತು. 28 ದಿನ ನುಂಗಬೇಕು. ಈಗ ಆ ಹೊತ್ತು ಮೀರಿದೆ. ಸರ್ಕಾರಿ ಆಸ್ಪತ್ರೆಯ ಐಸಿಟಿಸಿಯಲ್ಲಿ, ಅಂದರೆ ಎಚ್‌ಐವಿ ಸಲಹೆ ಮತ್ತು ಪರೀಕ್ಷೆ ಕೇಂದ್ರದಲ್ಲಿ, ಟೆಸ್ಟ್ ಉಚಿತ. ಈಗ ನೆಗೆಟಿವ್ ಬಂದರೆ ಅದನ್ನೇ ನಂಬಿ ಕೂರಬೇಡಿ, ಮೂರು ತಿಂಗಳಿಗೆ ಮತ್ತೆ ಮಾಡಿಸಿ. ಅಲ್ಲಿಯವರೆಗೆ ಹೆಂಡತಿಯ ಜೊತೆ ಕಾಂಡೋಮ್ ಬೇಕೇ ಬೇಕು. ಆ ವಿಷಯ ಅಣ್ಣನೇ ಹೇಳಲಿ. ಕೌನ್ಸಿಲರ್ ಪಕ್ಕದಲ್ಲಿ ಕೂತು ಸಹಾಯ ಮಾಡುತ್ತಾರೆ.

ನನಗೆ ಚಿಂತೆ ಆ ಕಾರ್ಬಮಜಪೀನ್‌ದು. ಅಕಸ್ಮಾತ್ ಪಾಸಿಟಿವ್ ಬಂದರೆ ಎಆರ್‌ಟಿಯಲ್ಲಿ, ಅಂದರೆ ಎಚ್‌ಐವಿ ಚಿಕಿತ್ಸೆಯ ಮಾತ್ರೆಗಳಲ್ಲಿ, ಸಾಮಾನ್ಯವಾಗಿ ಡೊಲುಟೆಗ್ರಾವಿರ್ ಅನ್ನುವ ಔಷಧಿ ಇರುತ್ತದೆ. ರಕ್ತದಲ್ಲಿ ಅದರ ಮಟ್ಟವನ್ನು ಕಾರ್ಬಮಜಪೀನ್ ಇಳಿಸಿಬಿಡುತ್ತದೆ. ಆಗ ಡೊಲುಟೆಗ್ರಾವಿರ್ ಡೋಸ್ ಹೆಚ್ಚಿಸಬೇಕು, ಇಲ್ಲವೇ ಮೂಡ್ ಮಾತ್ರೆ ಬದಲಿಸಬೇಕು. ಮನೋವೈದ್ಯರು, ಎಆರ್‌ಟಿ ವೈದ್ಯರು ಎರಡೂ ಕಡೆ ಎಲ್ಲ ಚೀಟಿ ತೋರಿಸಿ. ಇದನ್ನು ಓದಿ ಮನೆಯಲ್ಲೇ ಮಾತ್ರೆ ನಿಲ್ಲಿಸಿದರೆ ಮೇನಿಯಾ, ಅಂದರೆ ಮನಸ್ಸು ವಿಪರೀತ ಏರುವ ಆ ಹಂತ, ಮತ್ತೆ ಬರುತ್ತದೆ.

ಸಿಂಧನೂರು: ಫಾರ್ವರ್ಡ್ ಬಂದಿದೆ. ಅಮೃತಬಳ್ಳಿ ಕಷಾಯ 41 ದಿನ ಕುಡಿದರೆ ಎಚ್‌ಐವಿ ಮಾಯ, ಮಾತ್ರೆ ಬಿಡಬಹುದಂತೆ. ನಿಜಾನಾ?

ಡಾಕ್ಟರ್: ಸುಳ್ಳು. ಇದನ್ನು ನಂಬಿ ಎಆರ್‌ಟಿ ಬಿಟ್ಟವರು ಸಾಯುತ್ತಾರೆ. ಡಿಲೀಟ್ ಮಾಡಿ.

ಸಿರುಗುಪ್ಪ: ಎರಡೂ ಕಾಯಿಲೆ ಇದ್ದರೆ ಪಿಂಚಣಿ ಸಿಗುತ್ತಾ ಸರ್?

ಗಂಗಾವತಿ: ಸೊಳ್ಳೆಯಿಂದ ಬರುತ್ತಾ?

ಡಾಕ್ಟರ್: ಇಲ್ಲ.

ಮಾನ್ವಿ: ಒಂದೇ ತಟ್ಟೆಯಲ್ಲಿ ಉಂಡರೆ? ಸೊಳ್ಳೆ ಕಚ್ಚಿದರೆ?

ಡಾಕ್ಟರ್: ಇಲ್ಲ. ಇಲ್ಲ. ಮೇಲೆ ಓದಿ.

ಕುರುಗೋಡು: ಇದಕ್ಕೆಲ್ಲ ಒಂದೇ ಮದ್ದು, ಮದುವೆ. ಹೊತ್ತಿಗೆ ಸರಿಯಾಗಿ ಮಾಡಿದ್ದರೆ ಹೊರಗೆ ಹೋಗ್ತಿರಲಿಲ್ಲ.

ರಾಯಚೂರು: ಅಣ್ಣಾರೆ, ಅತ್ತಿಗೆ ಅಂತ ಬರೆದಿದ್ದಾರಲ್ಲ. ಮದುವೆ ಆಗಿದೆ!

ಕುರುಗೋಡು: ಹೆಂಡತಿ ಸರಿಯಾಗಿ ನೋಡಿಕೊಂಡಿದ್ದರೆ...

ರಾಯಚೂರು: ಸಾಕು ಮಾಡಿ. ಕಾಯಿಲೆ ಮುಚ್ಚಿಟ್ಟ ಮನೆಗೆ ನಿಮ್ಮ ಮಗಳನ್ನು ಕೊಡ್ತೀರಾ?

ಕುರುಗೋಡು: ನನ್ನ ಮಗಳ ಸುದ್ದಿ ನಿಮಗ್ಯಾಕೆ?

ಕೊಪ್ಪಳ: 1985ರಲ್ಲೇ ನಿಮ್ಹಾನ್ಸ್‌ನವರು ನಿಮ್ಮ ಬಳ್ಳಾರಿ ಜಿಲ್ಲೆಯಲ್ಲೇ ಹಳ್ಳಿಯವರಿಗೆ ಮಾನಸಿಕ ಚಿಕಿತ್ಸೆ ಶುರು ಮಾಡಿದರು. ದೇಶಕ್ಕೇ ಮಾದರಿ ಆಯಿತು. ನೀವಿನ್ನೂ ಮದುವೆ ಮದ್ದು ಅಂತೀರಿ.

ಕುರುಗೋಡು: ಓದಿದವರು ಬಂದ್ರಪ್ಪ.

ಡಾಕ್ಟರ್: ಮದುವೆ ಮೇನಿಯಾ ಇಳಿಸಲ್ಲ. ಜಗಳ ಬೇರೆ ಕಡೆ ಮಾಡಿ. ನನಗೆ ಓಪಿಡಿ ಇದೆ. ಎಚ್‌ಐವಿ ಪ್ರಶ್ನೆಗೆ 1097, ಮನಸ್ಸಿನ ತೊಂದರೆಗೆ 14416. ಎರಡೂ ಉಚಿತ.

ಸಿಂಧನೂರು: ಹಾಗಾದ್ರೆ ಬೇವಿನ ರಸ ಆಗುತ್ತಾ ಸರ್?

ಅಡ್ಮಿನ್: ಕಾಮೆಂಟ್ ಬಂದ್ ಮಾಡಿದ್ದೇನೆ.